ನಕಾಶೆಯ ಹಸಿರು ಬಣ್ಣ ನಂಬಬಹುದೇ?

ದೇಶದ ನಕಾಶೆಗೆ ಹಸಿರಿನಿಂದ ಕಡುಗೆಂಪಿನವರೆಗೆ ಬಣ್ಣ ಹಾಕಿ ಗಾಳಿಯ ಮಾಲಿನ್ಯ ತೋರಿಸುವುದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡುತ್ತೇವೆ. ನಮ್ಮ ಹಳ್ಳಿಯ ಮೇಲೆ ಹಸಿರು ಕಂಡರೆ ಸಮಾಧಾನವೂ ಆಗುತ್ತದೆ. ಆದರೆ ಆ ಬಣ್ಣ ಬರುವುದು ಎಲ್ಲಿಂದ?

ಭಾರತದಲ್ಲಿ ಈ ಅಳತೆ ಆರಂಭವಾದದ್ದು 1984ರಲ್ಲಿ, ಉತ್ತರ ಪ್ರದೇಶದ ಆಗ್ರಾ ಮತ್ತು ಅನ್ಪರಾಗಳ 7 ಕೇಂದ್ರಗಳಿಂದ. ಈಗ ನಮ್ಮ ಸೊಲ್ಲಾಪುರವೂ ಸೇರಿ ನೂರಾರು ಊರುಗಳಲ್ಲಿ ಕೇಂದ್ರಗಳಿವೆ. ಹಳೆಯ ಪದ್ಧತಿ ಬಹಳ ಸರಳ. ಪಂಪು ಗಾಳಿಯನ್ನು ಎಳೆದು ಸೋಸು ಹಾಳೆಯ ಮೂಲಕ ಬಿಡುತ್ತದೆ. ಹಾಳೆಯನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗಿದರೆ ಹೆಚ್ಚಾದ ತೂಕವೇ ಧೂಳು. ಇದು ವಾರಕ್ಕೆ 2 ದಿನ ಮಾತ್ರ. ಹೊಸ ಸ್ವಯಂಚಾಲಿತ ಯಂತ್ರಗಳು ಹಗಲಿರುಳೂ ಅಳೆಯುತ್ತವೆ. ಶ್ವಾಸಕೋಶದ ಆಳಕ್ಕಿಳಿಯುವ ಅತಿ ಸೂಕ್ಷ್ಮ ಧೂಳು (ಪಿ.ಎಂ. 2.5) ಒಂದು ಘನ ಮೀಟರ್ ಗಾಳಿಯಲ್ಲಿ, 24 ಗಂಟೆಯ ಸರಾಸರಿಯಲ್ಲಿ, 60 ಮೈಕ್ರೋಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಿತಿ.

ಕೇಂದ್ರವಿಲ್ಲದ ಕಡೆಯ ಬಣ್ಣ ಅಳತೆಯಲ್ಲ, ಅಂದಾಜು. ಹತ್ತಿರದ ಕೇಂದ್ರದ ಅಂಕಿಗೆ ಹೆಚ್ಚು, ದೂರದ್ದಕ್ಕೆ ಕಡಿಮೆ ಬೆಲೆ ಕೊಟ್ಟು ಕಂಪ್ಯೂಟರ್ ಅದನ್ನು ತುಂಬುತ್ತದೆ. ಉಪಗ್ರಹದ ಚಿತ್ರಗಳೂ ನೆರವಾಗುತ್ತವೆ, ಆದರೆ ಮೋಡ ಕವಿದರೆ ಅವೂ ಕುರುಡು. ಕೇಂದ್ರಗಳು ಹೆಚ್ಚಾಗಿ ಪಟ್ಟಣಗಳಲ್ಲೇ ಇರುವುದರಿಂದ ಹಳ್ಳಿಗಳ ಬಣ್ಣವೆಲ್ಲ ಬಹುಪಾಲು ಇಂಥ ಅಂದಾಜೇ.

ಪಕ್ಕದ ಹೊಲದಲ್ಲಿ ಸುಟ್ಟ ಕಬ್ಬಿನ ರವದಿಯ ಹೊಗೆ ಅದರಲ್ಲಿ ಕಾಣದೇ ಹೋಗಬಹುದು. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ ಒಲೆ ಊದುವ ತಾಯಿಯ ಎದೆಗಿಳಿಯುವ ಹೊಗೆಯಂತೂ ಯಾವ ನಕಾಶೆಯಲ್ಲೂ ಇಲ್ಲ. ಆಕೆಗೆ ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿರಿ. ವೈದ್ಯರಿಗೆ ಒಲೆಯ ವಿಷಯವನ್ನೂ ಹೇಳಿರಿ, ಅವರಾಗಿ ಕೇಳದಿದ್ದರೂ.