ಟವೆಲ್ಲಿನ ಮೇಲೊಂದು ಅಕ್ಷರ

ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದರೆ ಆ ಸೀಟು ನಮ್ಮದು. ಅದಕ್ಕೆ ಚೀಟಿ ಬೇಡ, ಹೆಸರೂ ಬೇಡ. ಕರ್ನಾಟಕದಲ್ಲಿ ಹುಟ್ಟಿ ಬೆಳೆದವರಿಗೆ ಈ ಕಾನೂನನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೆಗಲ ಮೇಲೆ ಹಸಿರು ಶಾಲು ಕಂಡರೆ ರೈತ ಸಂಘದವರು ಬಂದರು ಅಂತ ದೂರದಿಂದಲೇ ಗೊತ್ತಾಗುತ್ತದೆ. 1980ರಲ್ಲಿ ಹುಟ್ಟಿದ ಆ ಸಂಘಕ್ಕೆ ಅದಕ್ಕಿಂತ ದೊಡ್ಡ ಬೋರ್ಡು ಬೇರೆ ಬೇಕೇ? ಇವತ್ತು ಎಲ್ಲರೂ ‘ಬ್ರ್ಯಾಂಡಿಂಗ್’ ಅನ್ನುತ್ತಾರಲ್ಲ, ಅದನ್ನು ನಮ್ಮ ಜನ ಒಂದು ತುಂಡು ಬಟ್ಟೆಯಲ್ಲಿ ಎಂದೋ ಮಾಡಿಬಿಟ್ಟಿದ್ದಾರೆ.

ಈ ಮಾತು ನನಗೆ ದಿನಾ ನೆನಪಾಗುವುದಕ್ಕೆ ಕಾರಣವಿದೆ. ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಎಂಬ್ರಾಯ್ಡರಿ ಘಟಕ. ಎರಡು ಮಷೀನು, ನಾಲ್ಕು ಜನ ಹೆಣ್ಣುಮಕ್ಕಳು. ಮೊದಲು ಬ್ಲೌಸು, ಶಾಲೆಯ ಬ್ಯಾಡ್ಜು ಇಷ್ಟೇ ಇತ್ತು. ಈಗ ಕೆಲವು ವರ್ಷಗಳಿಂದ ಟವೆಲ್ಲುಗಳು ಬರುತ್ತಿವೆ. ಬ್ಯೂಟಿ ಪಾರ್ಲರಿನವರು, ಸಲೂನಿನವರು, ದಾಂಡೇಲಿ ಕಡೆಯ ಹೋಂಸ್ಟೇಗಳವರು, ಲಾಡ್ಜಿನವರು, ಫಿಸಿಯೋಥೆರಪಿ ಕ್ಲಿನಿಕ್ಕಿನವರು. ಎಲ್ಲರಿಗೂ ಟವೆಲ್ಲಿನ ಮೇಲೆ ತಮ್ಮ ಗುರುತು ಬೇಕು.

ಬರುವವರು ಮೊಬೈಲಿನಲ್ಲಿ ಒಂದು ಲೋಗೋ ತೋರಿಸುತ್ತಾರೆ. ಅದರಲ್ಲಿ ಹುಟ್ಟುವ ಸೂರ್ಯ, ಎರಡು ತೆಂಗಿನ ಮರ, ಕೆಳಗೆ ನೀರಿನ ಅಲೆ, ಸುತ್ತ ವೃತ್ತದಲ್ಲಿ ಹೆಸರು, ಅದರ ಕೆಳಗೆ ಪ್ರಾರಂಭದ ಇಸವಿ, ಇನ್ನೂ ಕೆಳಗೆ ಫೋನ್ ನಂಬರು. “ಮೇಡಂ, ಎಲ್ಲಾ ಬರ್ಬೇಕ್ರಿ. ಒಂದೂ ಬಿಡಂಗಿಲ್ಲ.” ವಿಸಿಟಿಂಗ್ ಕಾರ್ಡಿನ ಮೇಲೆ ಇದೆಲ್ಲ ಚೆಂದ. ಟವೆಲ್ ಕಾಗದ ಅಲ್ಲವಲ್ಲ, ನನ್ನ ತಕರಾರು ಅಲ್ಲಿಂದಲೇ ಸುರುವಾಗುತ್ತದೆ.

ನಮ್ಮ ಪಾಣಿಪಂಚೆ, ಬೈರಾಸು ಇವೆಲ್ಲ ಸಪಾಟು ನೇಯ್ಗೆಯವು. ಅವುಗಳ ಮೇಲೆ ಸಣ್ಣ ಅಕ್ಷರವೂ ನಿಲ್ಲುತ್ತದೆ. ಆದರೆ ಹಿರಿಯರು ‘ಟರ್ಕಿ ಟವೆಲ್’ ಅನ್ನುವ ದಪ್ಪ ಟವೆಲ್ಲಿನ ಸ್ವಭಾವ ಬೇರೆ. ಇಂಗ್ಲೆಂಡಿನ ಹೆನ್ರಿ ಕ್ರಿಸ್ಟಿ ಎಂಬಾತ ಟರ್ಕಿಯ ಬುರ್ಸಾದಲ್ಲಿ ಈ ಕುಣಿಕೆ ಬಟ್ಟೆಯನ್ನು ಕಂಡು ಮಾದರಿ ಒಯ್ದ. 1850ರ ಸುಮಾರಿಗೆ ಅವನ ಮನೆತನದ ಕಂಪನಿ ಅದನ್ನು ಯಂತ್ರದ ಮಗ್ಗದಲ್ಲಿ ನೇಯಿಸಿತು. ಅದರಲ್ಲಿ ಹಾಸು ಎರಡು ಬಗೆ. ಒಂದು ಬಿಗಿಯಾಗಿ ನಿಂತು ಬಟ್ಟೆಯನ್ನು ಹಿಡಿಯುತ್ತದೆ, ಇನ್ನೊಂದು ಸಡಿಲಾಗಿ ಮೇಲೆದ್ದು ಕುಣಿಕೆಯಾಗುತ್ತದೆ. ನೀರು ಹೀರುವುದು ಆ ಕುಣಿಕೆ. ನಮ್ಮ ಹೊಲಿಗೆಯನ್ನು ನುಂಗುವುದೂ ಅದೇ! ಸಣ್ಣ ಅಕ್ಷರ ಹೊಲಿದರೆ ಹುಲ್ಲಿನಲ್ಲಿ ಬಿದ್ದ ಸೂಜಿಯ ಹಾಗೆ, ಹುಡುಕಬೇಕು.

ನಮ್ಮ ಟವೆಲ್ಲುಗಳು ಹೆಚ್ಚಾಗಿ ಸೊಲ್ಲಾಪುರದವು. ಗದಗ, ಬಾಗಲಕೋಟೆ, ವಿಜಯಪುರ ದಾಟಿದರೆ ಸೊಲ್ಲಾಪುರ. ಸಿದ್ಧರಾಮನ ಸೊನ್ನಲಿಗೆ ಅದೇ. ಮಗ್ಗದ ಪೇಟೆಯಲ್ಲಿ ಇಂದಿಗೂ ಕನ್ನಡ ಮಾತಾಡಿ ವ್ಯಾಪಾರ ಮಾಡಬಹುದು. ಅಲ್ಲಿನ ಚಾದರದ ಹಾಗೆ ಅಲ್ಲಿನ ಟೆರಿ ಟವೆಲ್ಲಿಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಟವೆಲ್ಲಿನ ತೂಕವನ್ನು ಜಿಎಸ್ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. 30 ಇಂಚು ಅಗಲ, 60 ಇಂಚು ಉದ್ದದ ಸ್ನಾನದ ಟವೆಲ್ 500 ಜಿಎಸ್ಎಂ ಇದ್ದರೆ ಹೆಚ್ಚೂಕಡಿಮೆ 580 ಗ್ರಾಂ ತೂಗಬೇಕು. ಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿ, ಅಂಗಡಿಯವರು ಹೇಳಿದ್ದು ಖರೆಯೋ ಸುಳ್ಳೋ ಗೊತ್ತಾಗುತ್ತದೆ.

ಇಂಥ ಬಟ್ಟೆಯ ಮೇಲೆ ಗುರುತು ನಿಲ್ಲಿಸಲು ಮೂರು ಕೆಲಸ ಮಾಡುತ್ತೇವೆ. ಕೆಳಗೆ ಒಂದು ಗಟ್ಟಿ ಪೇಪರು, ಬಟ್ಟೆ ಜಗ್ಗಬಾರದು ಅಂತ. ಮೇಲೆ ನೀರಿನಲ್ಲಿ ಕರಗುವ ತೆಳು ಪ್ಲಾಸ್ಟಿಕ್ಕಿನಂಥ ಹಾಳೆ, ಹೊಲಿಯುವಾಗ ಕುಣಿಕೆಗಳನ್ನು ಅದುಮಿ ಹಿಡಿಯುವುದಕ್ಕೆ. ಮೊದಲ ಒಗೆತಕ್ಕೆ ಅದು ಕರಗಿಹೋಗುತ್ತದೆ. ಆಮೇಲೆ ಕುಣಿಕೆಗಳನ್ನು ಹಿಡಿಯುವವರು ಯಾರು? ಅದಕ್ಕಾಗಿ ಅಕ್ಷರಕ್ಕಿಂತ ಮೊದಲು ಟವೆಲ್ಲಿನದೇ ಬಣ್ಣದ ದಾರದಲ್ಲಿ ತೆಳುವಾದ ಅಡಿಹೊಲಿಗೆ ಹಾಕಿ ಕುಣಿಕೆಗಳನ್ನು ಮಲಗಿಸಬೇಕು. ಅನೇಕರು ಈ ಮೂರನೆಯ ಕೆಲಸ ಬಿಟ್ಟುಬಿಡುತ್ತಾರೆ. ಅಂಗಡಿಯಲ್ಲಿ ಕೈಗೆ ಕೊಡುವಾಗ ಎರಡೂ ಒಂದೇ ಥರ ಕಾಣುತ್ತವೆ. ಹತ್ತು ಒಗೆತದ ನಂತರ ಒಂದರ ಅಕ್ಷರದೊಳಗಿಂದ ಕುಣಿಕೆಗಳು ಗಡ್ಡದ ಹಾಗೆ ಹೊರಗೆ ಬಂದಿರುತ್ತವೆ.

ಇನ್ನು ಲೆಕ್ಕ. ನಮ್ಮಲ್ಲಿ ದರ ನಿಲ್ಲುವುದು ಹೊಲಿಗೆಗಳ ಸಂಖ್ಯೆಯ ಮೇಲೆ. ಮಷೀನು ಟವೆಲ್ಲಿನ ಮೇಲೆ ನಿಮಿಷಕ್ಕೆ ಸುಮಾರು 700 ಹೊಲಿಗೆ ಹಾಕುತ್ತದೆ ಅಂದುಕೊಳ್ಳಿ. ಎರಡಿಂಚಿನ ಒಂದೇ ಅಕ್ಷರ ಅಡಿಹೊಲಿಗೆ ಸೇರಿ 4,200 ಹೊಲಿಗೆ ಆದರೆ ಆರು ನಿಮಿಷ. ಇನ್ನೂರು ಟವೆಲ್ಲಿಗೆ ಇಪ್ಪತ್ತು ತಾಸು. ಅದೇ ಸೂರ್ಯ, ತೆಂಗಿನ ಮರ, ಅಲೆ ಎಲ್ಲ ಸೇರಿ 15,000 ಹೊಲಿಗೆ ಆದರೆ ಇನ್ನೂರಕ್ಕೆ ಎಪ್ಪತ್ತೊಂದು ತಾಸು. ದಾರ ಬದಲಿಸುವುದು, ಫ್ರೇಮಿಗೆ ಹಾಕುವುದು, ಕರೆಂಟು ಹೋಗುವುದು ಇದರಲ್ಲಿ ಸೇರಿಲ್ಲ. ಹೊಸದಾಗಿ ಹೋಂಸ್ಟೇ ಸುರು ಮಾಡಿದವರು ಈ ಲೆಕ್ಕ ಕೇಳಿದಾಗ ತೆಂಗಿನ ಮರ ತಾನಾಗಿಯೇ ಬೀಳುತ್ತದೆ.

ದುಡ್ಡಿಗಿಂತ ದೊಡ್ಡ ಮಾತು ಇನ್ನೊಂದಿದೆ. ಒತ್ತಾಗಿ ಹೊಲಿದ ಜಾಗ ನೀರು ಹೀರುವುದಿಲ್ಲ, ಮುಖಕ್ಕೆ ಒರಟಾಗಿ ತಾಗುತ್ತದೆ. ಟವೆಲ್ಲಿನ ನಡುವೆ ಊಟದ ತಟ್ಟೆಯಷ್ಟು ದೊಡ್ಡ ಲೋಗೋ ಹೊಲಿಸಿದರೆ ಗಿರಾಕಿಗೆ ನೆನಪಿರುವುದು ಲೋಗೋ ಅಲ್ಲ, ಕೆನ್ನೆ ತರಚಿದ್ದು. ಹಾಗಾಗಿ ನಾನು ಗುರುತನ್ನು ಅಂಚಿನ ಪಟ್ಟಿಯಿಂದ ಎರಡು ಇಂಚು ಮೇಲೆ ಇಡುತ್ತೇನೆ. ಅದಕ್ಕೂ ಮೊದಲು ಕೇಳುತ್ತೇನೆ, “ನೀವು ಟವೆಲ್ ಹೆಂಗ ಮಡಚ್ತೀರಿ?” ಲಾಡ್ಜಿನವರು ಉದ್ದಕ್ಕೆ ಮೂರು ಮಡಿಕೆ ಮಾಡಿ ಮಂಚದ ಮೇಲೆ ಇಡುತ್ತಾರೆ, ಅಲ್ಲಿ ಅಕ್ಷರ ನಡುವಿನ ಮಡಿಕೆಯಲ್ಲಿ ಕೂಡಬೇಕು. ಸಲೂನಿನಲ್ಲಿ ಹೆಗಲ ಸುತ್ತ ಹೊದಿಸುತ್ತಾರೆ, ಅಲ್ಲಿ ಒಂದು ತುದಿಗೆ ಬಂದರೆ ಕನ್ನಡಿಯ ಎದುರು ಎದೆಯ ಮೇಲೆ ಕಾಣುತ್ತದೆ. ಪಾರ್ಲರಿನಲ್ಲಿ ತಲೆಗೆ ಸುತ್ತುತ್ತಾರೆ, ಅಲ್ಲಿ ಎಲ್ಲಿ ಹಾಕಿದರೂ ಅಷ್ಟಕ್ಕಷ್ಟೇ.

ಹಾಗಾದರೆ ಏನು ಹಾಕಿಸಬೇಕು? ನನ್ನನ್ನು ಕೇಳಿದರೆ ಒಂದಕ್ಷರ, ಹೆಚ್ಚೆಂದರೆ ಎರಡು. ಅದೂ ಕನ್ನಡದಲ್ಲಿ. ಇದು ಅಭಿಮಾನಕ್ಕಷ್ಟೇ ಹೇಳುವ ಮಾತಲ್ಲ. ಮೊನೊಗ್ರಾಂ ಅಂದಕೂಡಲೇ ಎಲ್ಲರೂ ಇಂಗ್ಲಿಷಿನ ಎಸ್, ಕೆ, ಆರ್ ಹೆಣೆದು ತರುತ್ತಾರೆ. ಎಸ್ ಅಂದರೆ ಶಾರದಾ, ಸವಿತಾ, ಶಿವಾನಂದ, ಸೋಮಣ್ಣ, ಯಾರೂ ಆಗಬಹುದು. ‘ಶಾ’ ಅಂತ ಹಾಕಿದರೆ ಅರ್ಧ ಹೆಸರು ಹೇಳಿದ ಹಾಗೆಯೇ, ಒಂದೇ ಅಕ್ಷರದಲ್ಲಿ ಸ್ವರವೂ ಸೇರಿಕೊಂಡಿರುತ್ತದಲ್ಲ. ಅ.ನ.ಕೃ., ತ.ರಾ.ಸು., ಪು.ತಿ.ನ., ಕುವೆಂಪು, ಇವೆಲ್ಲ ಮತ್ತೇನು? ನಮ್ಮ ಸಾಹಿತಿಗಳು ಮೊದಲಕ್ಷರಗಳಿಂದಲೇ ಮನೆಮಾತಾದರು. ಬೇಂದ್ರೆಯವರು ದ.ರಾ. ಆದದ್ದು ನಮ್ಮ ಧಾರವಾಡದಲ್ಲೇ.

ಕನ್ನಡದ ಅಕ್ಷರ ದುಂಡಗೆ, ದಾರಕ್ಕೆ ಒಗ್ಗುತ್ತದೆ. ಆದರೆ ಸೊಟ್ಟಾಗಿ ಹೊಲಿದರೆ ಅರ್ಥವೇ ಕೆಡುತ್ತದೆ. ಒತ್ತಕ್ಷರ ಇದ್ದರೆ ಮೂರು ಇಂಚಿಗಿಂತ ಕಡಿಮೆ ಮಾಡಬೇಡಿ. ಮಹಾಪ್ರಾಣ ಇದ್ದರಂತೂ ಇನ್ನೂ ಹುಷಾರಿ ಬೇಕು. ದ ಮತ್ತು ಧ, ಬ ಮತ್ತು ಭ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಕುಣಿಕೆ ಬಟ್ಟೆಯ ಮೇಲೆ ಆ ಸೀಳು ಮುಚ್ಚಿಹೋಗಲು ನಾಲ್ಕು ಒಗೆತ ಸಾಕು.

ಹತ್ತಿರದ ತಾಲ್ಲೂಕು ಊರಿನಿಂದ ಒಬ್ಬ ತರುಣ ಸಲೂನಿಗೆ ನಲವತ್ತು ಟವೆಲ್ ಮಾಡಿಸಲು ಬಂದಿದ್ದ. ಕೊರೊನಾ ಬಂದುಹೋದ ಮೇಲೆ ಒಬ್ಬರಿಗೆ ಹೊದಿಸಿದ ಟವೆಲ್ ಇನ್ನೊಬ್ಬರಿಗೆ ಹೊದಿಸಿದರೆ ಗಿರಾಕಿಗಳು ಎದ್ದು ಹೋಗುತ್ತಾರಂತೆ. ಕತ್ತರಿ, ಬಾಚಣಿಗೆ, ಮೀಸೆ, ಇಂಗ್ಲಿಷಿನಲ್ಲಿ ಅಂಗಡಿಯ ಹೆಸರು, ಎಲ್ಲ ಇರುವ ಚಿತ್ರ ತಂದಿದ್ದ. ಮಾತಾಡುತ್ತ ಗೊತ್ತಾಯಿತು, ಅವರಪ್ಪ ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಒಂದು ಕುರ್ಚಿ, ಒಂದು ಕನ್ನಡಿ, ಒಂದೇ ಟವೆಲ್ ಇಟ್ಟುಕೊಂಡು ಕೆಲಸ ಮಾಡಿದವರು. ಮರಕ್ಕೆ ಹೆಸರಿರಲಿಲ್ಲ, ಅಂಗಡಿಗೂ ಇರಲಿಲ್ಲ. ಅಪ್ಪನ ಹೆಸರಿನ ಮೊದಲಕ್ಷರ ‘ಧ’. ಕತ್ತರಿ ಬಾಚಣಿಗೆ ಬಿಡಪ್ಪ, ಇದೊಂದೇ ಹಾಕೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು ಒಪ್ಪಿಕೊಂಡ.

ನಮ್ಮಲ್ಲಿ ಎರಡು ಮಾದರಿ ಹೊಲಿದು, ಐದು ಸಲ ಒಗೆದು, ಆಮೇಲೆಯೇ ಗಿರಾಕಿಗೆ ತೋರಿಸುವ ಪದ್ಧತಿ. ಅಂದು ಅಪ್ಪನೂ ಬಂದಿದ್ದರು. ಮಗ ಎರಡನ್ನೂ ನೋಡಿ “ಛಲೋ ಅದಾವ್ರಿ” ಅಂದ. ಅಪ್ಪ ಮಾತಾಡಲಿಲ್ಲ. ಒಂದನ್ನು ತೊಡೆಯ ಮೇಲೆ ಹಾಸಿಕೊಂಡು ಅಕ್ಷರದ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ, “ಇದು ನನ್ನ ಅಕ್ಷರ ಅಲ್ಲ ನೋಡವಾ, ತಂಗಿ. ಇದರ ಹೊಟ್ಟಿ ಸೀಳಿಲ್ಲ” ಅಂದರು. ಸಾಲಿ ಬಿಟ್ಟದ್ದು ಮೂರನೆಯ ಇಯತ್ತೆಯಲ್ಲಂತೆ, ಆದರೆ ಸಹಿಯಂತೂ ಅವರದೇ ಅಲ್ಲವೇ? ಎರಡು ಮಿಲಿಮೀಟರ್ ಸೀಳಿದ್ದ ಆ ಮಾದರಿಯಲ್ಲಿ ಧ ಹೋಗಿ ದ ಆಗಿತ್ತು. ಎರಡನೆಯದರಲ್ಲಿ ಸೀಳು ನಾಲ್ಕು ಮಿಲಿಮೀಟರ್, ಅದರೊಳಗಿನ ಕುಣಿಕೆಗಳನ್ನೂ ಅಡಿಹೊಲಿಗೆಯಲ್ಲಿ ಮಲಗಿಸಿದ್ದೆವು. ಅದನ್ನು ಮುಟ್ಟಿ ನೋಡಿ ತಲೆ ಆಡಿಸಿದರು. ನಲವತ್ತೂ ಹಾಗೇ ಹೋದವು, ಕಾಫಿಪುಡಿ ಬಣ್ಣದ ಟವೆಲ್ಲಿನ ಮೇಲೆ ಕೆನೆ ಬಣ್ಣದ ಧ.

ಕಾಫಿಪುಡಿ ಬಣ್ಣ ಯಾಕೆಂದರೆ ತಲೆಗೆ ಹಚ್ಚುವ ಡೈ. ಬಿಳಿ ಟವೆಲ್ ಲಾಡ್ಜಿಗೆ ಸರಿ, ಯಾಕೆಂದರೆ ಅದನ್ನು ಬ್ಲೀಚಿಗೆ ಹಾಕಬಹುದು. ಆದರೆ ಬ್ಲೀಚಿಗೆ ಹೋಗುವ ಟವೆಲ್ಲಿಗೆ ರೇಯಾನ್ ದಾರ ಹಾಕಿಸಬೇಡಿ, ಹೊಳಪು ಎಷ್ಟೇ ಇದ್ದರೂ ಬಣ್ಣ ಬಿಡುತ್ತದೆ. ಪಾಲಿಯೆಸ್ಟರ್ ದಾರ ತಡೆಯುತ್ತದೆ. ಇನ್ನೊಂದು ಮಾತು, ಟವೆಲ್ಲನ್ನು ಒಂದೆರಡು ಸಲ ಒಗೆದ ಮೇಲೆಯೇ ಹೊಲಿಸಿ. ಹತ್ತಿ ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಪಾಲಿಯೆಸ್ಟರ್ ದಾರ ಕುಗ್ಗುವುದಿಲ್ಲ. ಹೊಲಿಸಿದ ಮೇಲೆ ಕುಗ್ಗಿದರೆ ಅಕ್ಷರದ ಸುತ್ತ ಬಟ್ಟೆ ಹಪ್ಪಳದಂತೆ ಮುದುಡುತ್ತದೆ. ಪಾರ್ಲರಿನವರ ದೊಡ್ಡ ಶತ್ರು ಅರಿಶಿನ. ಸೋಪು ತಾಗಿದರೆ ಕೆಂಪಗಾಗುತ್ತದೆ ಅಂತ ಗಾಬರಿ ಬೀಳುತ್ತಾರೆ. ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿದರೆ ಅರಿಶಿನದ ಕಲೆ ತಾನೇ ಮಾಸುತ್ತದೆ. ಬಟ್ಟೆ ಮೆತ್ತಗಾಗಲಿ ಅಂತ ಕಂಡೀಷನರ್ ಸುರಿಯುವವರಿಗೆ ಒಂದು ವಿನಂತಿ: ಅದು ಎಳೆಗಳ ಮೇಲೆ ಜಿಡ್ಡಿನಂತೆ ಕೂತು ಟವೆಲ್ ನೀರು ಹೀರುವುದನ್ನೇ ಮರೆಯುತ್ತದೆ.

ಕಾಲೊರೆಸುವ ಮ್ಯಾಟಿಗೆ ಮಾತ್ರ ನಾನು ಅಕ್ಷರ ಹೊಲಿಯುವುದಿಲ್ಲ. ದೇವರ ಹೆಸರಿನ ಲಾಡ್ಜುಗಳು ನಮ್ಮಲ್ಲಿ ಕಡಿಮೆಯೇ? ‘ಶ್ರೀ’ ಇರುವ ಬಟ್ಟೆಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಬಂದ ಅತಿಥಿ ಒದ್ದೆ ಕಾಲಲ್ಲೇ ಹೊರಗೆ ಬರುತ್ತಾನೆ. ಅಂಥಲ್ಲಿ ಒಂದು ಎಲೆಯೋ ಬಳ್ಳಿಯೋ ಸಾಕು. ಕಸೂತಿ ಹಾಕಿಕೊಡಿ ಅನ್ನುವವರೂ ಇದ್ದಾರೆ. ಕಸೂತಿ ಎಳೆ ಎಣಿಸಿ ಕೈಯಲ್ಲಿ ಹಾಕುವುದು, ಕುಣಿಕೆಯ ಮೇಲೆ ಎಣಿಸಲು ಎಳೆಯೇ ಕಾಣುವುದಿಲ್ಲ. ಅಂಚಿನ ಸಪಾಟು ಪಟ್ಟಿಯ ಮೇಲೆ ಗೋಪುರ, ತೇರು ಮಷೀನಿನಲ್ಲಿ ಹೊಲಿದುಕೊಡುತ್ತೇನೆ. ಬಿಲ್ಲಿನಲ್ಲಿ ಅದನ್ನು ಕಸೂತಿ ಅಂತ ಬರೆಯುವುದಿಲ್ಲ.

ಗುರುತಿನ ಮೊದಲ ಉಪಯೋಗ ಜಾಹೀರಾತು ಅಲ್ಲ, ಎಣಿಕೆ. ಮಡಿವಾಳರು ಕೇರು ಬೀಜದ ರಸದಲ್ಲಿ ಬಟ್ಟೆಯ ಮೂಲೆಗೆ ಮನೆಗೊಂದು ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಹೋಗದ ಕಪ್ಪು. ಇಂಗ್ಲಿಷಿನಲ್ಲಿ ಆ ಬೀಜದ ಹೆಸರೇ ಮಾರ್ಕಿಂಗ್ ನಟ್. ಒಂದೇ ಲಾಂಡ್ರಿಗೆ ಹತ್ತು ಲಾಡ್ಜಿನ ಬಿಳಿ ಟವೆಲ್ ಹೋಗುವ ಈ ಕಾಲದಲ್ಲೂ ನಿಮ್ಮ ಅಕ್ಷರ ಮಾಡುವುದು ಅದನ್ನೇ.

ಆದರೆ ಅಕ್ಷರ ಬಿದ್ದ ಬಟ್ಟೆ ಬೇರೆಯವರಿಗೆ ಮಾರಲು ಬರುವುದಿಲ್ಲ. ಒಂದು ಲಾಡ್ಜಿನ ಪಾಲುದಾರರು ನಡುವೆಯೇ ಜಗಳಾಡಿ ಬೇರೆಯಾದರು, ಹೆಸರೂ ಬದಲಾಯಿತು. 120 ಟವೆಲ್ ಹೊಲಿದಾಗಿತ್ತು. ಮುಂಗಡ ಬಟ್ಟೆಯ ದುಡ್ಡಿಗೆ ಸರಿಹೋಯಿತು, ಕೂಲಿ ನಾನೇ ಕೊಟ್ಟೆ. ಹೊಲಿಗೆ ಬಿಚ್ಚಲು ಹೋದರೆ ಕುಣಿಕೆಯೂ ಕಿತ್ತು ಬರುತ್ತದೆ. ಕೊನೆಗೆ ಒಂದು ವೃದ್ಧಾಶ್ರಮದವರು ಒಯ್ದರು. ಈಗ ಹೊಲಿಗೆ ಸುರುವಾಗುವ ಮುಂಚೆ ಕೂಲಿಯನ್ನೂ ಸೇರಿಸಿ ಮುಂಗಡ ಕೇಳುತ್ತೇನೆ. ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ.

ನೀವು ಮಾಡಿಸುವುದಾದರೆ ಕಂಪ್ಯೂಟರಿನ ಅಕ್ಷರಕ್ಕಿಂತ ಮನೆಯಲ್ಲಿ ಯಾರ ಕೈಬರಹ ಚೆಂದವೋ ಅವರಿಂದ ದಪ್ಪ ಪೆನ್ನಿನಲ್ಲಿ ಬರೆಸಿಕೊಂಡು ಹೋಗಿ. ಅದನ್ನು ಮಷೀನಿಗೆ ತಿಳಿಯುವಂತೆ ಮಾಡುವುದಕ್ಕೆ ಪಂಚಿಂಗ್ ಅನ್ನುತ್ತೇವೆ, ಅದಕ್ಕೆ ಒಂದು ಸಲ ದುಡ್ಡು ಕೊಟ್ಟರೆ ಆಯಿತು. ಆ ಫೈಲನ್ನು ಕೇಳಿ ಇಸಿದುಕೊಳ್ಳಿ. ಕೆಲವರು ಕೊಡುವುದಿಲ್ಲ, ಗಿರಾಕಿ ಕೈತಪ್ಪೀತು ಅನ್ನುವ ಹೆದರಿಕೆ. ನಾನು ಕೇಳದಿದ್ದರೂ ಕೊಡುತ್ತೇನೆ. ಜಾತ್ರೆಯ ಮುಂದೆ ನನ್ನ ಮಷೀನು ಕೆಟ್ಟು ಕೂತರೆ ನಿಮ್ಮ ಕೆಲಸ ಯಾಕೆ ನಿಲ್ಲಬೇಕು?