ಕರೆದ ಮೇಲಿನ ಅರ್ಧ ಗಂಟೆ

"ಕೆಚ್ಚಲು ತೊಳೆಯದೆ ನಾನು ಒಂದು ದಿನವೂ ಹಾಲು ಕರೆದಿಲ್ಲ. ಆದರೂ ನಮ್ಮ ಹಸುವಿಗೆ ಬಾವು ಬಂತಲ್ಲ, ಯಾಕೆ?" ಸಂಘದ ಸಭೆಗಳಲ್ಲಿ ನಮ್ಮ ಹೆಣ್ಣುಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪ್ರಶ್ನೆ ನ್ಯಾಯವಾದದ್ದೇ. ಕರೆಯುವ ಮುಂಚೆ ತೊಳೆಯುವುದರಿಂದ ಹಾಲು ಶುದ್ಧವಾಗಿರುತ್ತದೆ. ಆದರೆ ಕೆಚ್ಚಲನ್ನು ಕಾಪಾಡುವ ಮುಖ್ಯ ಕೆಲಸ ಇರುವುದು ಕರೆದು ಮುಗಿದ ಮೇಲೆ. ನಮ್ಮಲ್ಲಿ ಹೆಚ್ಚಿನವರು ತಪ್ಪಿಸುವುದು ಅದನ್ನೇ.

ತೊಟ್ಟಿನ ಬಾಯಿ

ಮೊಲೆತೊಟ್ಟಿನ ತುದಿಯಲ್ಲಿ ಸಣ್ಣದೊಂದು ಸ್ನಾಯುವಿನ ಉಂಗುರವಿದೆ. ದಾರ ಎಳೆದರೆ ಎಲೆಯಡಿಕೆ ಸಂಚಿಯ ಬಾಯಿ ಮುಚ್ಚಿಕೊಳ್ಳುವಂತೆ ಅದು ತೊಟ್ಟಿನ ರಂಧ್ರವನ್ನು ಬಿಗಿಯಾಗಿ ಮುಚ್ಚಿರುತ್ತದೆ. ಹಾಲು ಕರೆದಾಗ ಅದು ಸಡಿಲವಾಗುತ್ತದೆ. ಮತ್ತೆ ಬಿಗಿಯಾಗಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಹಸು ಸಗಣಿ, ಗಂಜಲದ ಮೇಲೆ ಮಲಗಿಬಿಟ್ಟರೆ ಸೂಕ್ಷ್ಮಾಣುಗಳು ತೆರೆದ ಬಾಯಿಯಿಂದ ನೇರವಾಗಿ ಒಳಗೆ ಹೋಗುತ್ತವೆ. ತೊಟ್ಟಿನ ತುದಿಯಲ್ಲಿ ಉಳಿದ ಒಂದು ಹನಿ ಹಾಲೇ ಅವುಗಳಿಗೆ ಆಹಾರ.

ಇದನ್ನು ತಡೆಯಲು ಎರಡು ಕೆಲಸ ಸಾಕು.

ಒಂದು, ಕರೆದ ಕೂಡಲೇ ನಾಲ್ಕೂ ತೊಟ್ಟುಗಳನ್ನು ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಇದಕ್ಕೆ ಶೇ. 0.5 ಅಯೋಡಿನ್ ಇರುವ ದ್ರಾವಣ ಬೇಕು. ಬಾಟಲಿಯ ಮೇಲೆ ಪೊವಿಡೋನ್ ಅಯೋಡಿನ್ ಶೇ. 5 ಎಂದಿದ್ದರೆ ಅದರಲ್ಲಿ ಸಿಗುವ ಅಯೋಡಿನ್ ಅಷ್ಟೇ. ಗ್ಲಿಸರಿನ್ ಸೇರಿದ್ದರೆ ತೊಟ್ಟಿನ ಚರ್ಮ ಒಡೆಯುವುದಿಲ್ಲ. ತೊಟ್ಟು ಪೂರ್ತಿ ಮುಳುಗುವಂಥ ಸಣ್ಣ ಲೋಟ ಸಾಕು. ಅದ್ದಿದ ಮೇಲೆ ಒರೆಸಬೇಡಿ, ತಾನಾಗಿ ಒಣಗಲಿ. ಲೋಟದಲ್ಲಿ ಉಳಿದದ್ದನ್ನು ಬಾಟಲಿಗೆ ಮರಳಿ ಸುರಿಯಬೇಡಿ. ಸಗಣಿ, ಹಾಲು ಬೆರೆತರೆ ದ್ರಾವಣದ ಶಕ್ತಿ ಕುಂದುತ್ತದೆ. ಅದನ್ನು ಚೆಲ್ಲಿ ಹೊಸದು ಹಾಕಿಕೊಳ್ಳಿ.

ಎರಡು, ಹಸುವನ್ನು ಅರ್ಧ ಗಂಟೆ ಮಲಗಲು ಬಿಡಬೇಡಿ. ಇದಕ್ಕೆ ಖರ್ಚಿಲ್ಲ. ಕರೆಯುವಾಗ ಪಶು ಆಹಾರ ಕೊಡುವ ರೂಢಿ ಇರುವವರು ಹಸಿ ಮೇವನ್ನು ಉಳಿಸಿಕೊಂಡು, ಕರೆದ ಮೇಲೆ ಗೋದಲಿಗೆ ಹಾಕಿ. ಮೇಯುವ ಹಸು ನಿಂತೇ ಇರುತ್ತದೆ. ನೀವು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ತೊಟ್ಟಿನ ಬಾಯಿ ಮುಚ್ಚಿಕೊಂಡಿರುತ್ತದೆ.

ಕೊನೆಯಲ್ಲಿ ಕರು ಬಿಡುವ ಮನೆಗಳಲ್ಲಿ, ಕರು ಕುಡಿದು ಕಟ್ಟಿದ ಮೇಲೆ ಅದ್ದಬೇಕು. ಮೊದಲೇ ಅದ್ದಿದರೆ ಔಷಧವೆಲ್ಲ ಕರುವಿನ ಹೊಟ್ಟೆ ಸೇರುತ್ತದೆ.

ಕರೆಯುವ ಮುಂಚೆ

ಇಡೀ ಕೆಚ್ಚಲಿಗೆ ನೀರು ಎರಚಬೇಡಿ. ಮೇಲಿನ ಕೊಳೆ ನೀರು ತೊಟ್ಟಿನ ಮೂಲಕ ಇಳಿದು ಪಾತ್ರೆಗೆ ಬೀಳುತ್ತದೆ. ತೊಟ್ಟುಗಳನ್ನಷ್ಟೇ ತೊಳೆದು, ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಒಂದೊಂದು ಹಸುವಿಗೆ ಒಂದೊಂದು ಬಟ್ಟೆ ಇರಲಿ. ಒಂದೇ ಬಟ್ಟೆಯಾದರೆ ಒಂದರ ರೋಗ ಇನ್ನೊಂದಕ್ಕೆ ದಾಟುತ್ತದೆ. ಬಟ್ಟೆಗಳನ್ನು ದಿನವೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ತೊಳೆಯುವ ನೀರಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸುವವರು ತಿಳಿ ಗುಲಾಬಿ ಬಣ್ಣ ಬರುವಷ್ಟೇ ಹಾಕಿ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಅದರ ಶಕ್ತಿ ಮುಗಿಯಿತೆಂದು ತಿಳಿಯಿರಿ.

ಪ್ರತಿ ತೊಟ್ಟಿನ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆದು ನೋಡಿ. ಗರಣೆ, ನೀರು ನೀರಾದ ಹಾಲು, ರಕ್ತದ ಎಳೆ ಇದ್ದರೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಆ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಚೆಲ್ಲಬೇಡಿ. ಬೆರಳನ್ನು ಹಾಲಿಗೆ ಅದ್ದಿ ಕರೆಯುವುದು, ಹೆಬ್ಬೆರಳು ಮಡಚಿ ಎಳೆಯುವುದು ಎರಡೂ ತೊಟ್ಟಿಗೆ ಕೇಡು. ಒಣಗೈಯಲ್ಲಿ, ಮುಷ್ಟಿ ಹಿಡಿದು ಕರೆಯಿರಿ. ಸೊರೆ ಬಿಟ್ಟ ಮೇಲೆ ಏಳೆಂಟು ನಿಮಿಷದಲ್ಲಿ ಕರೆದು ಮುಗಿಸಿ. ಬಾವು ಇರುವ ಹಸುವನ್ನು ಕೊನೆಗೆ ಕರೆದು, ಸೋಪಿನಿಂದ ಕೈ ತೊಳೆಯಿರಿ.

ಕಾಣದ ಬಾವು

ಕೆಚ್ಚಲು ಊದಿ ಬಿಸಿಯಾದರೆ ಎಲ್ಲರಿಗೂ ತಿಳಿಯುತ್ತದೆ. ಹೆಚ್ಚು ನಷ್ಟ ಮಾಡುವುದು ಕಾಣದ ಬಾವು. ಊತವಿಲ್ಲ, ನೋವಿಲ್ಲ, ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಹಾಲಿನ ಅಳತೆ ದಿನದಿಂದ ದಿನಕ್ಕೆ ಇಳಿಯುತ್ತದೆ, ಎಸ್‌ಎನ್‌ಎಫ್ ಕಡಿಮೆಯಾಗುತ್ತದೆ. ನೀರು ಬೆರೆಸದೆಯೇ ಬೆರೆಸಿದ ಮಾತು ಕೇಳಬೇಕಾಗುತ್ತದೆ, ಬಟವಾಡೆಯಲ್ಲೂ ಹಣ ಕಡಿಮೆ ಬರುತ್ತದೆ. ಇದನ್ನು ಪತ್ತೆ ಮಾಡಲು ಸಿಎಂಟಿ ಪರೀಕ್ಷೆ ಇದೆ. ನಾಲ್ಕು ಗುಳಿಗಳ ತಟ್ಟೆಗೆ ನಾಲ್ಕು ತೊಟ್ಟಿನ ಹಾಲನ್ನು ಬೇರೆ ಬೇರೆ ಕರೆದು, ಅಷ್ಟೇ ಪ್ರಮಾಣದ ದ್ರಾವಣ ಹಾಕಿ ತಿರುಗಿಸಿದರೆ, ರೋಗವಿರುವ ತೊಟ್ಟಿನ ಹಾಲು ಗಂಜಿಯಂತೆ ಗಟ್ಟಿಯಾಗುತ್ತದೆ. ಹಾಲು ಕಾರಣವಿಲ್ಲದೆ ಇಳಿದಾಗ ಪಶುವೈದ್ಯರಿಂದ ಈ ಪರೀಕ್ಷೆ ಮಾಡಿಸಿ.

ಬಾವಿಗೆ ಚಿಕಿತ್ಸೆ ಕೊಡಿಸಿದರೆ ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಡೈರಿಗೆ ಹಾಕಬೇಡಿ. ಔಷಧದ ಅಂಶವಿರುವ ಒಬ್ಬರ ಹಾಲು ಇಡೀ ಊರಿನ ಕ್ಯಾನನ್ನೇ ಕೆಡಿಸಬಲ್ಲದು. ಚಿಕಿತ್ಸೆ ತಡವಾದರೆ ಒಂದು ತೊಟ್ಟು ಶಾಶ್ವತವಾಗಿ ಕುರುಡಾಗಬಹುದು. ಮೂರೇ ತೊಟ್ಟಿನ ಹಸುವಿಗೆ ಸಂತೆಯಲ್ಲಿ ಬೆಲೆ ಸಿಗುವುದಿಲ್ಲ.

ಇಂದು ಸಂಜೆಯಿಂದಲೇ ಶುರು ಮಾಡಿ. ಹಾಲಿನ ಪಾತ್ರೆಯ ಜೊತೆ ಅದ್ದುವ ಲೋಟವನ್ನೂ ತೊಳೆದು ಕೊಟ್ಟಿಗೆಗೆ ಒಯ್ಯಿರಿ. ಕಣ್ಣೆದುರಿಗೆ ಇದ್ದರೆ ಮರೆಯುವುದಿಲ್ಲ.