ಒಂದು ಪ್ಲೇಯರ್, ಮೂರು ಕೊಠಡಿ



ಹೃದಯದ ಪಾಠದ ಸಿ.ಡಿ. ಹಾಕಿದ ದಿನ ನಿಮಗೆಲ್ಲ ನೆನಪಿರಬೇಕು. ಹತ್ತನೆಯವರು ಮುಂದೆ ಚಾಪೆಯ ಮೇಲೆ, ಒಂಬತ್ತನೆಯವರು ಹಿಂದೆ ಬೆಂಚಿನ ಮೇಲೆ, ಎಂಟನೆಯವರು ಕಿಟಕಿಯ ಹೊರಗೆ. ಟಿ.ವಿ. 21 ಇಂಚಿನದು, ನೋಡುವವರು ನೂರಕ್ಕೂ ಮೇಲೆ. ನನ್ನ ತಂಗಿ ಎಂಟನೇ ತರಗತಿ. ಅವತ್ತು ಮನೆಗೆ ಬಂದವಳು ಅವ್ವನ ಹತ್ತಿರ, "ಹೃದಯ ತೋರ್ಸಿದ್ರು ಕಣವ್ವ, ನಂಗೆ ಕಂಡಿದ್ದು ಮುಂದೆ ನಿಂತಿದ್ದೋಳ ಜಡೆ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ಕೂತಿದ್ದು ಮೊದಲನೇ ಸಾಲಿನ ಚಾಪೆಯಲ್ಲಿ.

ನಾನು ಎಂಟನೆಯಲ್ಲಿ ಇದ್ದಾಗಲೂ ಹೀಗೇ. "ಮುಂದಿನ ಸಾರಿ ನಿಮಗೆ" ಅನ್ನುತ್ತಿದ್ದರು. ಅದು ಮೇಷ್ಟ್ರ ತಪ್ಪಲ್ಲ. ಪ್ಲೇಯರ್ ಒಂದೇ, ಸಿ.ಡಿ. ಒಂದೇ. ಮೂರು ಸಾರಿ ಹಾಕೋಣ ಅಂದರೆ ಮಧ್ಯಾಹ್ನದ ಮೇಲೆ ಕರೆಂಟನ್ನು ನಂಬುವ ಹಾಗಿಲ್ಲ. ಮೊಬೈಲಿನಲ್ಲಿ ನೋಡೋಣ ಅಂದರೆ ಶಾಲೆಯ ಹತ್ತಿರ ಸಿಗ್ನಲ್ ಸಿಗುವುದು ಬೇವಿನ ಮರದ ಕೆಳಗೆ ಮಾತ್ರ. ಆದರೆ ಟಿ.ವಿ.ಗಳಿಗೆ ಬರವಿಲ್ಲ. ಊರಿನಲ್ಲಿ ತೆಳ್ಳನೆಯ ಟಿ.ವಿ. ಬಂದ ಮೇಲೆ ಹಳೆಯ ಡಬ್ಬಾ ಟಿ.ವಿ.ಗಳೆಲ್ಲ ಅಟ್ಟ ಸೇರಿವೆ. ನಮ್ಮ ಮನೆಯದೊಂದು, ಪಕ್ಕದ ಮನೆ ದೊಡ್ಡಮ್ಮನದೊಂದು ಕೇಳಿ ತಂದೆವು. ಶಾಲೆಯದೂ ಸೇರಿ ಮೂರಾಯಿತು. ಒಂದು ಪ್ಲೇಯರಿನ ಚಿತ್ರವನ್ನು ಮೂರು ಕೊಠಡಿಗೆ ಕಳಿಸಬೇಕು, ಅಷ್ಟೇ ತಾನೇ ಅಂದುಕೊಂಡೆ.

ಪ್ಲೇಯರಿನ ಹಿಂದುಗಡೆ ನೋಡಿದ್ದೀರಿ. ಹಳದಿ, ಬಿಳಿ, ಕೆಂಪು ಮೂರು ತೂತುಗಳು. ಹಳದಿಯಿಂದ ಚಿತ್ರ, ಬಿಳಿ-ಕೆಂಪಿನಿಂದ ಧ್ವನಿ. ಪಟ್ಟಣದ ಒಂದು ಅಂಗಡಿಯವರು ಹಳದಿಯನ್ನು ಮೂರಾಗಿ ಕವಲು ಮಾಡುವ ಪಿನ್ನು ಕೊಟ್ಟು, "ಆರಾಮಾಗಿ ಬರುತ್ತೆ ಹೋಗಪ್ಪ" ಅಂದರು. ಮನೆಯಲ್ಲಿ ಹಳೆಯ ಕೇಬಲ್ ಕನೆಕ್ಷನ್ನಿನ ತಂತಿ ಸುರುಳಿ ಬಿದ್ದಿತ್ತು. ಅದನ್ನೇ ಮೂರೂ ಕೊಠಡಿಗೆ ಎಳೆದೆವು. ಎಂಟನೆಯವರ ಕೊಠಡಿ ಹೊಸ ಕಟ್ಟಡದಲ್ಲಿರುವುದರಿಂದ ಅಲ್ಲಿಗೆ 40 ಮೀಟರ್ ತಂತಿ ಬೇಕಾಯಿತು.

ಧ್ವನಿ ಮೂರೂ ಕಡೆ ಚೆನ್ನಾಗಿ ಬಂತು. ಚಿತ್ರ ಮಾತ್ರ ಮುಸ್ಸಂಜೆಯ ಹಾಗೆ ಮಸುಕು ಮಸುಕು. ಎಂಟನೆಯವರ ಕೊಠಡಿಯಲ್ಲಂತೂ ನಿಲ್ಲದೆ ಮೇಲಕ್ಕೆ ಉರುಳುತ್ತಿತ್ತು. ಅದನ್ನು ಕಿತ್ತು ಹಾಕಿದೆ. ಉಳಿದೆರಡು ಟಿ.ವಿ. ಸ್ವಲ್ಪ ಬೆಳಗಿದವು, ಆದರೆ ಪ್ರತಿ ಅಕ್ಷರದ ಪಕ್ಕದಲ್ಲೂ ಒಂದು ನೆರಳು ಹುಟ್ಟಿಕೊಂಡಿತು. ಎಂಟನೆಯವರು ಮತ್ತೆ ಕಿಟಕಿಗೆ ಬಂದರು. ತಂಗಿ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಾಗಿತ್ತು.

ಭಾನುವಾರ ಸೋದರಮಾವನ ಊರಿಗೆ ಹೋದೆ. ಅವರು ಮೊದಲು ಕೇಬಲ್ ಕೆಲಸ ಮಾಡುತ್ತಿದ್ದವರು, ಈಗ ಮೋಟಾರು ಕಟ್ಟುತ್ತಾರೆ. ನಡೆದದ್ದೆಲ್ಲ ಹೇಳಿದೆ. "ಅಲ್ಲ ಕಣ್ಲಾ, ಹತ್ತನೇ ಕ್ಲಾಸು ಅಂತೀಯ, ಸಮಾಂತರ ಜೋಡಣೆ ಪಾಠ ಆಗಿಲ್ವಾ?" ಅಂದರು. ಆಗಿತ್ತು. ಪರೀಕ್ಷೆಯಲ್ಲೂ ಬರೆದಿದ್ದೆ. ಅದು ಹಳದಿ ಪಿನ್ನಿನ ಒಳಗೂ ಇರುತ್ತದೆಂದು ಮಾತ್ರ ಹೊಳೆದಿರಲಿಲ್ಲ.

ಲೆಕ್ಕ ಹೀಗಿದೆ, ನೀವೂ ಮಾಡಿ ನೋಡಿ. ಪ್ಲೇಯರಿನ ಹಳದಿ ತೂತಿನ ಒಳಗೆ 75 ಓಮ್ ರೋಧವಿರುತ್ತದೆ. ಟಿ.ವಿ.ಯ ಹಳದಿ ತೂತಿನ ಒಳಗೂ 75 ಓಮ್. ಪ್ಲೇಯರ್ ಒಳಗಡೆ 2 ವೋಲ್ಟಿನಷ್ಟು ಸಿದ್ಧಮಾಡುತ್ತದೆ, ಅದರಲ್ಲಿ ಅರ್ಧ ತನ್ನ ರೋಧದಲ್ಲೇ ಕಳೆದು ಉಳಿದ 1 ವೋಲ್ಟ್ ಟಿ.ವಿ.ಗೆ ಸಿಗುತ್ತದೆ. ಟಿ.ವಿ. ಕಾಯುವುದೂ ಆ 1 ವೋಲ್ಟಿಗೇ. ಎರಡು ಟಿ.ವಿ. ಸಮಾಂತರವಾಗಿ ಸೇರಿಸಿದರೆ ಒಟ್ಟು ರೋಧ 37.5 ಓಮ್, ಸಿಗುವುದು 0.67 ವೋಲ್ಟ್. ಮೂರು ಸೇರಿಸಿದರೆ 25 ಓಮ್, ಸಿಗುವುದು 0.5 ವೋಲ್ಟ್. ಅಂದರೆ ಸರಿಯಾಗಿ ಅರ್ಧ.

ಈಗ ಆ 1 ವೋಲ್ಟಿನಲ್ಲಿ ಏನೇನಿದೆ ನೋಡಿ. ಸುಮಾರು 0.7 ವೋಲ್ಟ್ ಚಿತ್ರದ್ದು. ಪೂರ್ತಿ 0.7 ಬಂದರೆ ಅಚ್ಚ ಬಿಳಿ, ಸೊನ್ನೆ ಬಂದರೆ ಕಪ್ಪು. ಉಳಿದ 0.3 ವೋಲ್ಟ್ "ಗೆರೆ ಮುಗಿಯಿತು, ಹೊಸ ಗೆರೆ ಶುರುಮಾಡು" ಎಂದು ಟಿ.ವಿ.ಗೆ ಹೇಳುವ ಸನ್ನೆ. ಎಲ್ಲವೂ ಅರ್ಧವಾದಾಗ ಬಿಳಿ ಬೂದಿಯಾಯಿತು. ಸನ್ನೆ 0.15ಕ್ಕೆ ಇಳಿಯಿತು. ಅದು ಸರಿಯಾಗಿ ಕೇಳಿಸದ ಟಿ.ವಿ. ಚಿತ್ರವನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಉರುಳಿಸತೊಡಗಿತು.

ಹಾಗಾದರೆ ಧ್ವನಿ ಹೇಗೆ ಸರಿಯಾಗಿ ಬಂತು? ಟಿ.ವಿ.ಯ ಧ್ವನಿ ತೂತಿನ ರೋಧ ಸಾವಿರಾರು ಓಮ್. ಮೂರಲ್ಲ, ಆರು ಟಿ.ವಿ. ಸೇರಿಸಿದರೂ ಅದು ಪ್ಲೇಯರಿಗೆ ಭಾರವೇ ಅಲ್ಲ.

ನೆರಳಿನ ಕಥೆ ಇನ್ನೂ ಚೆನ್ನಾಗಿದೆ. ಎಂಟನೆಯವರ ಟಿ.ವಿ. ಕಿತ್ತಾಗ 40 ಮೀಟರ್ ತಂತಿಯ ತುದಿ ಬರಿದಾಗಿ ಉಳಿಯಿತಲ್ಲ, ಚಿತ್ರದ ಅಲೆ ಅಲ್ಲಿಯವರೆಗೆ ಹೋಗಿ ಕುಡಿಯುವವರಿಲ್ಲದೆ ವಾಪಸು ಬಂತು. ಬಾವಿಯೊಳಗೆ ಕೂಗಿದರೆ ಮಾರುದನಿ ಬರುವ ಹಾಗೆ. ಇಂಥ ತಂತಿಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗಿ ಬರುವ 80 ಮೀಟರಿಗೆ ಹಿಡಿಯುವ ಕಾಲ 0.4 ಮೈಕ್ರೊಸೆಕೆಂಡ್. ಇಷ್ಟು ಚಿಕ್ಕ ಕಾಲ ಯಾರ ಕಣ್ಣಿಗೆ ಬೀಳುತ್ತದೆ ಅನ್ನಬೇಡಿ. ನಮ್ಮ ಟಿ.ವಿ. ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಂದರೆ ಸೆಕೆಂಡಿಗೆ 15,625 ಗೆರೆ. ಒಂದು ಗೆರೆಗೆ ಸಿಗುವ ಕಾಲ 64 ಮೈಕ್ರೊಸೆಕೆಂಡ್, ಅದರಲ್ಲಿ ಕಣ್ಣಿಗೆ ಕಾಣುವ ಭಾಗ 52. ಆ 52 ಮೈಕ್ರೊಸೆಕೆಂಡಿನಲ್ಲಿ ಪರದೆಯ 40 ಸೆಂ.ಮೀ. ಅಗಲವನ್ನು ದಾಟಬೇಕು. ಹಾಗಾದರೆ 0.4 ಮೈಕ್ರೊಸೆಕೆಂಡಿನಲ್ಲಿ ಎಷ್ಟು ದೂರ? ಸುಮಾರು 3 ಮಿ.ಮೀ. ನಾನು ಶಾಲೆಗೆ ಬಂದು ಮತ್ತೆ ಹಾಗೇ ತಂತಿ ಸೇರಿಸಿ, ಪರದೆಯ ಮೇಲೆ ಸ್ಕೇಲು ಇಟ್ಟು ಅಳೆದೆ. ಮೂರಕ್ಕೆ ಒಂದು ಕೂದಲೆಳೆ ಕಮ್ಮಿ. ಹೊಸ ಕಟ್ಟಡ ಎಷ್ಟು ದೂರದಲ್ಲಿದೆ ಎಂದು ಟಿ.ವಿ.ಯೇ ಹೇಳುತ್ತಿತ್ತು! ಅವತ್ತು ನನಗೆ ಆದ ಖುಷಿ ಪರೀಕ್ಷೆಯಲ್ಲಿ ನಂಬರು ಬಂದಾಗಲೂ ಆಗಿಲ್ಲ.

ದಾರಿ ಏನು ಅಂತ ಮಾವನನ್ನು ಕೇಳಿದೆ. ಎರಡು ದಾರಿ ಹೇಳಿದರು. ಒಂದು, ವಿಡಿಯೋ ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ ಎಂಬ ಡಬ್ಬಿ. ಅದು ಒಂದು ಹಳದಿಯನ್ನು ಒಳಗೆ ತೆಗೆದುಕೊಂಡು, ಪ್ರತಿ ಟಿ.ವಿ.ಗೂ ಬೇರೆ ಬೇರೆಯಾಗಿ ತುಂಬಿದ 1 ವೋಲ್ಟ್ ಕೊಡುತ್ತದೆ. ಚಿತ್ರ ಬಹಳ ಶುದ್ಧ. ಆದರೆ ಪ್ರತಿ ಕೊಠಡಿಗೂ ಚಿತ್ರಕ್ಕೊಂದು ತಂತಿ, ಧ್ವನಿಗೆ ಬೇರೆ ತಂತಿ ಎಳೆಯಬೇಕು, ಡಬ್ಬಿಗೂ ದುಡ್ಡು ಬೇಕು. ಇನ್ನೊಂದು ದಾರಿ ಮಾವನ ಹಟ್ಟಿಯ ಮೂಲೆಯಲ್ಲಿ ಗೋಣಿಚೀಲದಲ್ಲೇ ಇತ್ತು. ಕೇಬಲ್ ಕೆಲಸ ಬಿಟ್ಟಾಗ ಕಟ್ಟಿಟ್ಟ ಮಾಡ್ಯುಲೇಟರ್, ನಾಲ್ಕು ಬಾಯಿಯ ಸ್ಪ್ಲಿಟರ್, ಪಿನ್ನುಗಳು. ಇಲಿ ಉಚ್ಚೆ ವಾಸನೆ ಬಿಟ್ಟರೆ ಎಲ್ಲ ಚೆನ್ನಾಗಿತ್ತು.

ಮಾಡ್ಯುಲೇಟರ್ ಮಾಡುವುದಿಷ್ಟೇ. ಪ್ಲೇಯರಿನ ಚಿತ್ರವನ್ನೂ ಧ್ವನಿಯನ್ನೂ ಒಂದು ಚಾನೆಲಿನ ಅಲೆಯ ಮೇಲೆ ಕೂರಿಸಿ ಕಳಿಸುತ್ತದೆ. ನಮ್ಮದು 5ನೇ ಚಾನೆಲಿನದು. ಚಿತ್ರ 175.25 ಮೆಗಾಹರ್ಟ್ಸ್ ಅಲೆಯ ಮೇಲೆ, ಧ್ವನಿ ಅದಕ್ಕಿಂತ 5.5 ಮೇಲೆ, 180.75ರಲ್ಲಿ. ಎರಡೂ ಒಂದೇ ತಂತಿಯಲ್ಲಿ ಹೋಗುತ್ತವೆ. ಟಿ.ವಿ.ಯಲ್ಲಿ ಆಂಟೆನಾ ತೂತಿಗೆ ಸಿಕ್ಕಿಸಿ 5ನೇ ಚಾನೆಲ್ ಹುಡುಕಿದರೆ ಆಯಿತು. ಒಂದು ಲೆಕ್ಕದಲ್ಲಿ ನಮ್ಮ ಶಾಲೆ ಈಗ ತಂತಿಯೊಳಗೇ ಒಂದು ಟಿ.ವಿ. ಕೇಂದ್ರ.

ಇಲ್ಲಿ ನನಗೊಂದು ಅನುಮಾನ ಬಂತು, ನಿಮಗೂ ಬಂದಿರಬೇಕು. ನಾಲ್ಕು ಬಾಯಿಯ ಸ್ಪ್ಲಿಟರ್ ಶಕ್ತಿಯನ್ನು ನಾಲ್ಕು ಪಾಲು ಮಾಡುತ್ತದೆ. ಶಕ್ತಿ ಕಾಲುಭಾಗವಾದರೆ ವೋಲ್ಟ್ ಅರ್ಧ. (ಶಕ್ತಿ ವೋಲ್ಟಿನ ವರ್ಗಕ್ಕೆ ತಕ್ಕಂತೆ, ಅದೇ ಪಾಠದಲ್ಲಿದೆ.) ಮೊದಲು ಅರ್ಧ ವೋಲ್ಟಿಗೇ ಕೆಟ್ಟ ಚಿತ್ರ ಈಗ ಯಾಕೆ ಕೆಡುವುದಿಲ್ಲ?

ಮಾವ ಇದಕ್ಕೆ ಸುಮ್ಮನೆ, "ಟಿ.ವಿ. ಅದನ್ನ ಸರಿ ಮಾಡ್ಕಳುತ್ತೆ ಬಿಡು" ಅಂದರು. ವಿಜ್ಞಾನದ ಮೇಡಂ ಬಿಡಿಸಿ ಹೇಳಿದರು. ಹಳದಿ ತಂತಿಯಲ್ಲಿ ವೋಲ್ಟೇ ಬೆಳಕು, ವೋಲ್ಟ್ ಇಳಿದರೆ ಬೆಳಕು ಇಳಿಯಿತು. ಚಾನೆಲಿನಲ್ಲಿ ಹಾಗಲ್ಲ. ಅಲ್ಲಿ ಅಲೆಯ ಅತಿ ಎತ್ತರ ಎಂದರೆ ಆ "ಹೊಸ ಗೆರೆ" ಸನ್ನೆ. ಕಪ್ಪಿಗೆ ಅಲೆ ಅದರ ಮುಕ್ಕಾಲರಷ್ಟು, ಬಿಳಿಗೆ ಹತ್ತನೇ ಒಂದರಷ್ಟು. ಬಿಳಿಗೇ ಅಲೆ ಚಿಕ್ಕದು, ವಿಚಿತ್ರ ಅಲ್ವಾ! ತಂತಿಯಲ್ಲಿ ಎಲ್ಲವೂ ಒಂದೇ ಸಮ ತಗ್ಗಿದರೂ ಈ ಪ್ರಮಾಣ ಬದಲಾಗುವುದಿಲ್ಲ. ಟಿ.ವಿ. ಸನ್ನೆಯ ಎತ್ತರವನ್ನು ನೋಡಿ, ಅದು ಯಾವಾಗಲೂ ಒಂದೇ ಇರುವ ಹಾಗೆ ತಾನೇ ಹಿಗ್ಗಿಸಿಕೊಳ್ಳುತ್ತದೆ. ದೂರದ ಟವರಿನಿಂದ ಗಾಳಿಯಲ್ಲಿ ಬರುವ ಅಲೆ ಒಂದೂರಿಗೆ ಜೋರಾಗಿ, ಇನ್ನೊಂದೂರಿಗೆ ಮೆಲ್ಲಗೆ ಬರುತ್ತಿತ್ತಲ್ಲ, ಅದಕ್ಕೇ ಮಾಡಿದ ಏರ್ಪಾಡು ಇದು. ವೋಲ್ಟ್ ಹತ್ತು ಪಟ್ಟು ಹೆಚ್ಚುಕಮ್ಮಿಯಾದರೂ ಟಿ.ವಿ. ತಾಳಿಕೊಳ್ಳುತ್ತದೆ.

ಮಿತಿ ಇಲ್ಲದಿಲ್ಲ. ತೀರಾ ಕಮ್ಮಿಯಾದರೆ ಪರದೆಯ ಮೇಲೆ ರವೆ ಚೆಲ್ಲಿದ ಹಾಗೆ ಚುಕ್ಕೆ. ತೀರಾ ಜಾಸ್ತಿಯಾದರೂ ಪಟ್ಟೆ ಪಟ್ಟೆ. ಹತ್ತನೆಯವರ ಟಿ.ವಿ. ಮಾಡ್ಯುಲೇಟರಿನ ಪಕ್ಕದಲ್ಲೇ ಇದ್ದುದರಿಂದ ನಮಗೆ ಪಟ್ಟೆ ಬಂತು. ಮಾಡ್ಯುಲೇಟರಿನ ತಿರುಪನ್ನು ಸ್ವಲ್ಪ ಇಳಿಸಿದ ಮೇಲೆ ಮೂರೂ ಕಡೆ ಸಮನಾಯಿತು.

ತಂತಿಯ ಬಗ್ಗೆ ಒಂದು ಮಾತು. ಕೇಬಲ್ ತಂತಿ ಕತ್ತರಿಸಿ ನೋಡಿದರೆ ನಡುವೆ ಒಂದು ಲೋಹದ ತಂತಿ, ಸುತ್ತ ಬಿಳಿಯ ನೊರೆಯಂಥ ಪ್ಲಾಸ್ಟಿಕ್, ಅದರ ಮೇಲೆ ಬೆಳ್ಳಿ ಕಾಗದ, ಜಾಲರಿ, ಆಮೇಲೆ ಕಪ್ಪು ಸಿಪ್ಪೆ. ಈ ಅಳತೆಗಳಿಂದಲೇ ಅದಕ್ಕೆ 75 ಓಮ್ ಎಂಬ ಗುಣ ಬರುವುದು. ಅದನ್ನು ಸುಲಿದು, ಹುರಿಮಾಡಿ, ಟೇಪು ಸುತ್ತಿದರೆ ಆ ಜಾಗದಲ್ಲಿ ಗುಣ ಕೆಟ್ಟು ಮತ್ತೆ ನೆರಳು. ಪಿನ್ನು ಹಾಕಿಯೇ ಸೇರಿಸಬೇಕು. ಸ್ಪ್ಲಿಟರಿನಲ್ಲಿ ಬಳಸದ ಬಾಯಿಗೆ 75 ಓಮ್ ರೋಧಕವಿರುವ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಅಲ್ಲಿಂದಲೂ ಮಾರುದನಿ.

ನಾನು ತಿಂದ ಏಟನ್ನೂ ಬರೆಯುತ್ತೇನೆ. ಟಿ.ವಿ. ಹಾಕಿಯೇ ಇದ್ದಾಗ ಹೊಸ ಕಟ್ಟಡದ ತಂತಿಯ ಜಾಲರಿ ಮುಟ್ಟಿದೆ, ಕೈ ಜುಂ ಅಂದಿತು. ಎರಡು ಪಿನ್ನಿನ ಪ್ಲಗ್ಗಿನ ಯಂತ್ರಗಳಲ್ಲಿ ಸ್ವಲ್ಪ ಕರೆಂಟು ಹೊರಮೈಗೆ ಸೋರುವುದುಂಟು, ಜೊತೆಗೆ ಎರಡು ಕಟ್ಟಡದ ಕರೆಂಟು ಬೇರೆ ಬೇರೆ. ಎಲ್ಲ ಪ್ಲಗ್ಗು ಕಿತ್ತ ಮೇಲೆಯೇ ತಂತಿ ಮುಟ್ಟಿ. ಡಬ್ಬಾ ಟಿ.ವಿ.ಯ ಹಿಂದಿನ ಮುಚ್ಚಳವನ್ನಂತೂ ಬಿಚ್ಚಲೇಬೇಡಿ, ಕಲರ್ ಟಿ.ವಿ.ಯ ಗಾಜಿನ ಕೊಳವೆಗೆ 20 ಸಾವಿರ ವೋಲ್ಟಿಗೂ ಹೆಚ್ಚು ಕೊಡುತ್ತಾರೆ, ಆರಿಸಿದ ಮೇಲೂ ಅದು ಒಳಗೆ ಉಳಿದಿರಬಹುದು. ಗುಡುಗು ಸಿಡಿಲಿನ ದಿನ ಕಟ್ಟಡಗಳ ನಡುವಿನ ತಂತಿಯನ್ನು ಎರಡೂ ತುದಿಯಲ್ಲಿ ಬಿಡಿಸಿಡುತ್ತೇವೆ. ಆದರೆ ಮೋಡ ಕಟ್ಟುವ ಮೊದಲೇ. ಸಿಡಿಲು ಶುರುವಾದ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ.

ಇನ್ನು ಹೊಸ ತೆಳ್ಳನೆಯ ಟಿ.ವಿ. ಇದ್ದವರಿಗೆ ಎಚ್.ಡಿ.ಎಂ.ಐ. ಎಂಬ ಚಪ್ಪಟೆ ಪಿನ್ನು ಇದೆ, ಅದಕ್ಕೂ ಸ್ಪ್ಲಿಟರ್ ಸಿಗುತ್ತದೆ. ಚಿತ್ರ ಕನ್ನಡಿಯ ಹಾಗೆ. ಆದರೆ ಸಾದಾ ತಂತಿ ಹತ್ತು ಹದಿನೈದು ಮೀಟರ್ ದಾಟಿದರೆ ತಕರಾರು. ಅದರಲ್ಲಿ ಮಸುಕು ಅನ್ನುವುದಿಲ್ಲ, ಬಂದರೆ ಪೂರ್ತಿ, ಕೆಟ್ಟರೆ ಕಪ್ಪು. ನಮ್ಮ 40 ಮೀಟರಿಗೆ ಇನ್ನೆರಡು ಡಬ್ಬಿ ಬೇಕಾಗುತ್ತಿತ್ತು.

ಕೊನೆಗೆ ಗುರುವಾರ ಮತ್ತೆ ಅದೇ ಹೃದಯದ ಸಿ.ಡಿ. ಹಾಕಿದೆವು. ಮೊದಲು ಎಲ್ಲ ಕಪ್ಪು ಬಿಳುಪು! ಪ್ಲೇಯರ್ ಎನ್.ಟಿ.ಎಸ್.ಸಿ.ಗೆ ತಿರುಗಿತ್ತು, ಪಾಲ್‌ಗೆ ಹಾಕಿದ ಮೇಲೆ ರಕ್ತ ಕೆಂಪಾಯಿತು. ಮಾಡ್ಯುಲೇಟರಿಗೆ ಧ್ವನಿಯ ತೂತು ಒಂದೇ ಇರುವುದರಿಂದ ಬಿಳಿ ಪಿನ್ನು ಮಾತ್ರ ಸಿಕ್ಕಿಸಿದ್ದೆವು. ಈ ಸಿ.ಡಿ.ಯಲ್ಲಿ ಬಿಳಿಯ ಕಡೆ ಇಂಗ್ಲಿಷು, ಕೆಂಪಿನ ಕಡೆ ಕನ್ನಡ. ಅದು ಗೊತ್ತಾಗುವಷ್ಟರಲ್ಲಿ ಐದು ನಿಮಿಷ ಹೋಯಿತು.

ಒಂದು ಕೊರತೆ ಇದೆ. ಮೂರೂ ಕೊಠಡಿಗೆ ಒಂದೇ ರಿಮೋಟು. ಎಂಟನೆಯವರಿಗೆ ಅರ್ಥವಾಗದಿದ್ದರೆ ಅವರು ನಿಲ್ಲಿಸುವ ಹಾಗಿಲ್ಲ. ಅದಕ್ಕೆ ಅವರ ಕೊಠಡಿಯಿಂದ ಒಬ್ಬರು ಓಡಿಬಂದು ಹೇಳಬೇಕು ಎಂದು ಮಾಡಿಕೊಂಡೆವು. ಮೊದಲ ದಿನವೇ ಏದುಸಿರು ಬಿಡುತ್ತಾ ಓಡಿಬಂದದ್ದು ನನ್ನ ತಂಗಿ. "ಅಣ್ಣ, ಕವಾಟ ಮುಚ್ಚೋದು ಇನ್ನೊಂದ್ಸಾರಿ ಹಾಕ್ಬೇಕಂತೆ" ಅಂದಳು. ಹಾಕಿದೆವು. ಮೂರು ಕೊಠಡಿಯವರೂ ಇನ್ನೊಂದು ಸಾರಿ ನೋಡಿದರು.

ಸ್ಪ್ಲಿಟರಿನ ನಾಲ್ಕನೇ ಬಾಯಿಗೆ ಈಗ ಮುಚ್ಚಳ ಹಾಕಿದೆ. ಏಳನೇ ತರಗತಿಯವರು ಕೇಳುತ್ತಿದ್ದಾರೆ. ಯಾರ ಮನೆಯ ಅಟ್ಟದಲ್ಲಾದರೂ ನಡೆಯುವ ಹಳೆಯ ಟಿ.ವಿ. ಇದ್ದರೆ ದಯವಿಟ್ಟು ನನಗಾಗಲಿ ವಿಜ್ಞಾನದ ಮೇಡಂಗಾಗಲಿ ತಿಳಿಸಿ. ಹೊತ್ತು ತರಲು ನಾವು ನಾಲ್ಕು ಜನ ಬರುತ್ತೇವೆ.

– ಹತ್ತನೇ ತರಗತಿಯ ವಿದ್ಯಾರ್ಥಿ